ಯಕ್ಷಗಾನ ಭಾಗವತಿಕೆ (ಹಾಡುಗಾರಿಕೆ) ತರಗತಿಯ ಪಾಲಕರಿಗೆ: ಒಡೆಯುವ ಸ್ವರದ ಬಗ್ಗೆ

ಪಾಲಕರೇ, ನಮಸ್ಕಾರ. ನಿನ್ನೆ ಶಿರಸಿಯ ತರಗತಿಯಲ್ಲಿ ಏರು ಶ್ರುತಿಗೆ ಪದ್ಯ ಹೇಳುತ್ತಿದ್ದ ಹುಡುಗನೊಬ್ಬನ ಸ್ವರ ಒಡೆಯಿತು. ಉಳಿದ ಮಕ್ಕಳು ನಕ್ಕರು, ಅವನು ಅಳುತ್ತ ಎದ್ದುಹೋದ. ನನಗೆ ರಾತ್ರಿಯಿಡೀ ಸಂಕಟವಾಯಿತು.

ಅವನದು ತಪ್ಪಲ್ಲ. ಹರೆಯಕ್ಕೆ ಕಾಲಿಡುವ ಈ ವಯಸ್ಸಿನಲ್ಲಿ ಮೆದುಳಿನ ಹೈಪೊಥಾಲಮಸ್ ಎಂಬ ಭಾಗ, ಮೊದಮೊದಲು ನಿದ್ದೆಯ ಹೊತ್ತಿನಲ್ಲಿ, ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಆ ಗ್ರಂಥಿ ರಕ್ತಕ್ಕೆ ಬಿಡುವ ಹಾರ್ಮೋನುಗಳಿಂದ ವೃಷಣಗಳಲ್ಲಿ ಟೆಸ್ಟೋಸ್ಟೆರಾನ್, ಅಂಡಾಶಯಗಳಲ್ಲಿ ಈಸ್ಟ್ರೋಜೆನ್ ಹೆಚ್ಚುತ್ತದೆ. ಟೆಸ್ಟೋಸ್ಟೆರಾನ್ ಧ್ವನಿಪೆಟ್ಟಿಗೆಯನ್ನು ದೊಡ್ಡದು ಮಾಡಿ, ಧ್ವನಿತಂತುಗಳನ್ನು ಉದ್ದವೂ ದಪ್ಪವೂ ಆಗಿಸುತ್ತದೆ. ಹೊಸ ತಂತುಗಳ ಮೇಲೆ ಹಿಡಿತ ಸಿಗುವ ತನಕ ಸ್ವರ ಜಾರುತ್ತಲೇ ಇರುತ್ತದೆ. ಕೆಲವು ತಿಂಗಳು ಇಳಿ ಶ್ರುತಿಯಲ್ಲೇ ಹಾಡಲಿ. ಮನೆಯಲ್ಲೂ ಒತ್ತಾಯ ಮಾಡಬೇಡಿ. ಕೆಲವು ಹುಡುಗರಿಗೆ ಎದೆ ತುಸು ಉಬ್ಬಿ ನೋಯುವುದೂ ಉಂಟು. ಹೆಚ್ಚಿನವರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಹೇಳಿಕೊಳ್ಳಲಾಗದೆ ಒದ್ದಾಡುವ ಮಕ್ಕಳಿದ್ದಾರೆ, ನೀವೇ ಮಾತು ತೆಗೆಯಿರಿ.

ಹೆಣ್ಣುಮಕ್ಕಳಿಗೆ ಎದೆ ಮೂಡತೊಡಗಿದ ಸುಮಾರು 2 ವರ್ಷಗಳ ಬಳಿಕ ಮುಟ್ಟು ಬರುತ್ತದೆ. ಮೊದಲ ಒಂದೆರಡು ವರ್ಷ ಅದು ಹಿಂದುಮುಂದಾಗುವುದು ಸಹಜ. ಮೊಡವೆ, ಬೆವರಿನ ವಾಸನೆ ಇಬ್ಬರಿಗೂ ಇದ್ದದ್ದೇ.

ಹುಡುಗಿಯರಿಗೆ 8, ಹುಡುಗರಿಗೆ 9 ವರ್ಷ ತುಂಬುವ ಮೊದಲೇ ಬದಲಾವಣೆ ಶುರುವಾದರೆ, ಅಥವಾ ಕ್ರಮವಾಗಿ 13, 14 ದಾಟಿದರೂ ಕಾಣದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಶನಿವಾರ ಆ ಹುಡುಗ ಮತ್ತೆ ಬರುತ್ತಾನೆ. ಅಷ್ಟರೊಳಗೆ ನಿಮ್ಮ ಮಕ್ಕಳಿಗೆ ಇದನ್ನು ತಿಳಿಸಿ ಹೇಳಿ.