ಮಲಬಾರ್ ಎಕ್ಸ್‌ಪ್ರೆಸ್‌ನಲ್ಲಿ ಸಿಕ್ಕಿದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ತಿರುವನಂತಪುರದ ಧರಣಿ ಮುಗಿಸಿ ಕಾಸರಗೋಡಿಗೆ ವಾಪಸ್ ಬರುತ್ತಿದ್ದ ಆ ರಾತ್ರಿ ಎದುರು ಸೀಟಿನಲ್ಲಿ ನೀವಿದ್ದಿರಿ.

ನಮ್ಮ ಎಣ್ಮಕಜೆ ಕಡೆಯ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸಿಂಪಡಿಸುತ್ತಿದ್ದರು. ಆಗ ನಾನು ಶಾಲೆಗೆ ಹೋಗುವ ಹುಡುಗಿ. ಈಗಲೂ ಅಂಥ ಸದ್ದು ಕೇಳಿದರೆ ದವಡೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಅವತ್ತು ರೈಲು ಸೇತುವೆ ಹತ್ತಿದಾಗಲೂ ಹಾಗೇ ಆಯಿತು. ಮಡಿಲಲ್ಲಿದ್ದ ಅರ್ಜಿಗಳ ಫೈಲು ಕೈಯಲ್ಲೇ ಮುದುಡಿತು.

ನೀವು ಏನೂ ವಿಚಾರಿಸಲಿಲ್ಲ. "ಚಪ್ಪಲಿ ಬಿಚ್ಚು ತಂಗಿ, ಪಾದ ಕೆಳಗಿಡು. ನೆಲ ತಣ್ಣಗಿದೆಯಾ?" ಅಂದಿರಿ. ತಣ್ಣಗಿತ್ತು. ಕಾಲಡಿಯಲ್ಲಿ ಕಡಲೆ ಸಿಪ್ಪೆ ಚುಚ್ಚುತ್ತಿತ್ತು. ಆಮೇಲೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿಸಿದಿರಿ. ಹಾಗೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ ಅಂತ ಆಮೇಲೆ ತಿಳಿಯಿತು. ಅವತ್ತು ತಿಳಿದದ್ದು ಇಷ್ಟೇ: ನಾನು ರೈಲಿನಲ್ಲಿದ್ದೇನೆ, ಗೇರು ಮರದಡಿ ಅಲ್ಲ.

ಎಂಡೋಸಲ್ಫಾನ್ ವಿಷದಿಂದ ನರಳಿದ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಅದಾದ ಮೇಲೂ ಎಷ್ಟು ಸಲ ಬೀದಿಗಿಳಿಯಬೇಕಾಯಿತು! ಬರೀ ಸಿಟ್ಟಿನಿಂದ ಇಷ್ಟು ವರ್ಷ ನಿಲ್ಲಲು ಆಗಲ್ಲ, ಅಲ್ವಾ?

ಈಗ ನಮ್ಮ ಸಭೆಗಳಲ್ಲಿ ಮಾತು ಶುರುವಾಗುವ ಮೊದಲು ಎಲ್ಲರೂ ಚಪ್ಪಲಿ ಬಿಚ್ಚಿ ಸುಮ್ನೆ ಎರಡು ನಿಮಿಷ ಕೂರುತ್ತೇವೆ. ನಡೆಯಲಾಗದ ಮಕ್ಕಳನ್ನು ಎತ್ತಿ ಎತ್ತಿ ಹೆಗಲು ಗಟ್ಟಿಯಾದ ತಾಯಂದಿರು ಆಗ ಕೆಲವೊಮ್ಮೆ ಅಳುತ್ತಾರೆ. ಯಾರೂ ತಡೆಯುವುದಿಲ್ಲ.

ಅಕ್ಕಾ, ತುಂಬಾ ಧನ್ಯವಾದ. ನಮ್ಮೂರ ಕಡೆ ಬಂದರೆ ಊಟಕ್ಕೆ ಮನೆಗೇ ಬರಬೇಕು.