ಹೋಮ್ ಥಿಯೇಟರ್: ವ್ಯಾಟ್‌ಗಿಂತ ಮೊದಲು ನಡುವಿನ ಸ್ಪೀಕರ್ ನೋಡಿ

ಮಾನ್ಯ ಸಂಪಾದಕರೇ,

ಹೋಮ್ ಥಿಯೇಟರ್ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ವ್ಯಾಟ್ ಒಂದೇ. ಕೆಲವು ಪೆಟ್ಟಿಗೆಗಳ ಮೇಲೆ ಕ್ಷಣಮಾತ್ರದ ಗರಿಷ್ಠ ಶಕ್ತಿ ಎನ್ನುವ ‘ಪಿಎಂಪಿಒ’ ಅಂಕಿಯೂ ಇರುತ್ತದೆ. ಅದನ್ನು ಅಳೆಯಲು ಒಪ್ಪಿತ ವಿಧಾನವೇ ಇಲ್ಲ, ಹಾಗಾಗಿ ತಯಾರಕರು ಬರೆದದ್ದೇ ಲೆಕ್ಕ. ಇದನ್ನು ನಂಬಿ ಕೊಂಡವರ ಮನೆಯಲ್ಲಿ ಪಾತ್ರಗಳ ಮಾತು ಕೇಳಿಸದೆ ವಾಲ್ಯೂಮ್ ಏರಿಸುವುದು, ಮರುಕ್ಷಣ ಸ್ಫೋಟದ ಸದ್ದಿಗೆ ಬೆಚ್ಚಿ ಇಳಿಸುವುದು ನಿತ್ಯದ ರಗಳೆ. ಬಹಳಷ್ಟು ಸಲ ಇದಕ್ಕೆ ಕಾರಣ ವ್ಯಾಟ್ ಕೊರತೆಯಲ್ಲ, ಸ್ಪೀಕರ್‌ಗಳು ಒಂದಕ್ಕೊಂದು ಹೊಂದದಿರುವುದು.

5.1 ವ್ಯವಸ್ಥೆಯಲ್ಲಿ (ಐದು ಸ್ಪೀಕರ್, ಜೊತೆಗೆ ಬೇಸ್ ಅಂದರೆ ತಗ್ಗು ಸ್ವರಗಳಿಗೆಂದೇ ಒಂದು ಸಬ್‌ವೂಫರ್) ಸಂಭಾಷಣೆಯ ಬಹುಪಾಲು ಬರುವುದು ನಡುವಿನ ಸೆಂಟರ್ ಸ್ಪೀಕರ್‌ನಿಂದ. ಆದರೆ ಹಣವೆಲ್ಲ ಎಡಬಲದ ಎತ್ತರದ ಟವರ್‌ಗಳಿಗೆ ಹೋಗಿ, ಸೆಂಟರ್‌ಗೆ ಉಳಿದದ್ದರಲ್ಲಿ ಸಿಕ್ಕಿದ್ದನ್ನು ತರುತ್ತಾರೆ. ಪರದೆಯ ಮೇಲೆ ಕಾರೊಂದು ಎಡದಿಂದ ಬಲಕ್ಕೆ ಸಾಗಿದಾಗ ಅದರ ಸದ್ದು ನಡುವೆ ಬಂದು ಬೇರೆಯೇ ಕಾರಿನದಾಗುತ್ತದೆ. ಮುಂದಿನ ಮೂರೂ ಸ್ಪೀಕರ್‌ಗಳು ಒಂದೇ ಸರಣಿಯವಾಗಿರಲಿ, ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಘಟಕ) ಒಂದೇ ಬಗೆಯದಿರಲಿ. ಒಂದೇ ಕಂಪನಿಯದಾದರೆ ಸಾಲದು, ಬೇರೆ ಬೇರೆ ಸರಣಿಗಳ ನಾದಗುಣವೇ ಬೇರೆ. ಜಾಗವಿದ್ದರೆ ಒಂದೇ ಮಾದರಿಯ ಮೂರು ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು ನಿಲ್ಲಿಸುವುದಕ್ಕಿಂತ ಒಳ್ಳೆಯ ಹೊಂದಾಣಿಕೆ ಇನ್ನೊಂದಿಲ್ಲ.

ಟಿವಿಯ ಕೆಳಗೆ ಅಡ್ಡ ಮಲಗಿಸುವ ಸೆಂಟರ್‌ನಲ್ಲಿ ಒಂದು ತೊಡಕಿದೆ. ಟ್ವೀಟರ್ ನಡುವೆ, ಎರಡು ವೂಫರ್ (ತಗ್ಗು ಸ್ವರ ಹೊರಡಿಸುವ ಡ್ರೈವರ್) ಆಚೀಚೆ ಇರುವ ಮಾದರಿಯಲ್ಲಿ, ಸೋಫಾದ ತುದಿಯಲ್ಲಿ ಕೂತವರಿಗೆ ಎರಡೂ ವೂಫರ್‌ಗಳ ದನಿ ಒಂದೇ ಸಮಯಕ್ಕೆ ತಲುಪುವುದಿಲ್ಲ. ಕೆಲವು ಸ್ವರಗಳು ಪರಸ್ಪರ ಅಳಿಸಿಹೋಗಿ ಮಾತು ತೆಳುವಾಗುತ್ತದೆ. ಟ್ವೀಟರ್ ಅಡಿಯಲ್ಲೇ ನಡು ಸ್ವರಗಳಿಗೆಂದೇ ಒಂದು ಪುಟ್ಟ ಮಿಡ್‌ರೇಂಜ್ ಡ್ರೈವರ್ ಇರುವ ತ್ರೀ-ವೇ ಸೆಂಟರ್‌ನಲ್ಲಿ ಈ ದೋಷ ಬಹಳ ಕಡಿಮೆ. ಯಾವುದೇ ಇರಲಿ, ಕಪಾಟಿನೊಳಕ್ಕೆ ತಳ್ಳಬೇಡಿ. ಅದರ ಮುಖ ಹಲಗೆಯ ಅಂಚಿಗೆ ಬರಲಿ, ತುಸು ಮೇಲಕ್ಕೆ ವಾಲಿ ಕೂತವರ ಕಿವಿಯತ್ತ ತಿರುಗಿರಲಿ. ಪರೀಕ್ಷೆಯೂ ಸುಲಭ: ರಿಸೀವರ್‌ನಲ್ಲಿ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಆಂಪ್ಲಿಫೈಯರ್) ‘ಶ್’ ಎನ್ನುವ ಟೆಸ್ಟ್ ಟೋನ್ ಹಾಕಿ. ಎಡ, ನಡು, ಬಲಕ್ಕೆ ಹೋದಂತೆ ದಿಕ್ಕು ಬದಲಾಗಬೇಕೇ ಹೊರತು ದನಿಯ ಬಣ್ಣ ಬದಲಾಗಬಾರದು.

ಕಾಗದದ ಮೇಲೆ ನೋಡಬೇಕಾದದ್ದು ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ಡೆಸಿಬೆಲ್ ಸದ್ದು ಎಂಬುದು) ಮತ್ತು ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ). 84 ಡೆಸಿಬೆಲ್ ಸ್ಪೀಕರ್ 90ರದ್ದಕ್ಕೆ ಸಮನಾಗಿ ಕೇಳಿಸಲು ನಾಲ್ಕು ಪಟ್ಟು ಶಕ್ತಿ ಬೇಕು, ಏಕೆಂದರೆ ಪ್ರತಿ 3 ಡೆಸಿಬೆಲ್‌ಗೆ ವ್ಯಾಟ್ ದುಪ್ಪಟ್ಟಾಗುತ್ತದೆ. ಇನ್ನೊಂದು ಸೂಕ್ಷ್ಮ: ಅಳತೆಗೆ ಕೊಡುವ 2.83 ವೋಲ್ಟ್, 8 ಓಮ್ ಸ್ಪೀಕರ್‌ಗೆ 1 ವ್ಯಾಟ್ ಆದರೆ 4 ಓಮ್‌ನದಕ್ಕೆ 2 ವ್ಯಾಟ್. 4 ಓಮ್‌ನ 88 ಡೆಸಿಬೆಲ್ ನಿಜದಲ್ಲಿ 1 ವ್ಯಾಟ್‌ಗೆ 85 ಅಷ್ಟೆ. ರಿಸೀವರ್ 4 ಓಮ್ ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ತಾಳದಿದ್ದರೆ ಜೋರಾದ ದೃಶ್ಯದ ನಡುವೆಯೇ ಬಿಸಿಯಾಗಿ ಆಫ್ ಆಗುತ್ತದೆ.

ಹಿಂದಿನ ಸರೌಂಡ್ ಸ್ಪೀಕರ್‌ಗಳು ಚಿಕ್ಕದಾದರೂ ನಡೆಯುತ್ತದೆ. ಅದೇ ಸರಣಿಯವಾದರೆ ಸಾಕು.

ಸಬ್‌ವೂಫರ್ ಮಾತ್ರ ಬೇರೆ ಕಂಪನಿಯದಾದರೂ ಅಡ್ಡಿಯಿಲ್ಲ. ಅಲ್ಲಿ ಮುಖ್ಯವಾದುದು ಉಳಿದ ಸ್ಪೀಕರ್‌ಗಳೊಂದಿಗಿನ ಬೆಸುಗೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸಲಾರದು, ಸಿನಿಮಾ ಧ್ವನಿಗೆ ಮಾನದಂಡ ಕೊಡುವ ಟಿಎಚ್‌ಎಕ್ಸ್ ಸಂಸ್ಥೆ 80 ಹರ್ಟ್ಸ್ ಕ್ರಾಸ್‌ಓವರ್ (ಸದ್ದು ಸ್ಪೀಕರ್‌ನಿಂದ ಸಬ್‌ವೂಫರ್‌ಗೆ ದಾಟುವ ಗಡಿ) ಗೊತ್ತುಮಾಡಿದ್ದೂ ಇದನ್ನೇ ಗಮನಿಸಿ. ಮುಷ್ಟಿಗಾತ್ರದ ಸ್ಪೀಕರ್‌ಗಳ ಸೆಟ್‌ಗಳು ಸೋಲುವುದು ಇಲ್ಲೇ. ಅವುಗಳ 3 ಇಂಚಿನ ಡ್ರೈವರ್ ಅಷ್ಟು ಕೆಳಗೆ ಇಳಿಯದ್ದರಿಂದ ಕ್ರಾಸ್‌ಓವರನ್ನು 150 ಹರ್ಟ್ಸ್‌ವರೆಗೂ ಏರಿಸಬೇಕಾಗುತ್ತದೆ. ಆಗ ಗಂಡಸಿನ ದನಿಯ ಕೆಳಭಾಗ ಮೂಲೆಯ ಸಬ್‌ವೂಫರ್‌ನಿಂದ ಬರತೊಡಗುತ್ತದೆ, ಮುಖ ಒಂದು ಕಡೆ, ದನಿ ಇನ್ನೊಂದು ಕಡೆ.

ಸಬ್‌ವೂಫರ್‌ನ ಡ್ರೈವರ್ ಗಾತ್ರವೂ ತೋರಿಕೆಯದಲ್ಲ. ಅಷ್ಟೇ ಜೋರಿನಲ್ಲಿ 40ರಿಂದ 20 ಹರ್ಟ್ಸ್‌ಗೆ ಇಳಿಯಬೇಕಾದರೆ ಕೋನ್ (ಡ್ರೈವರ್‌ನ ಕಂಪಿಸುವ ಭಾಗ) ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಚಲಿಸಬೇಕು. 6 ಇಂಚಿನ ಕೋನ್‌ಗೆ ಅದು ಆಗದ ಮಾತು, ಆದ್ದರಿಂದ ಅಂಥವು ಮೇಲಿನ ಒಂದೇ ಸ್ವರದಲ್ಲಿ ಗುಮ್ಮೆನ್ನುತ್ತವೆ. ಸಣ್ಣ ಕೋಣೆಗೆ 10 ಇಂಚು, ಊಟದ ಕೋಣೆಗೂ ತೆರೆದುಕೊಂಡ ಹಜಾರಕ್ಕೆ 12 ಅಥವಾ ಹೆಚ್ಚು ಬೇಕು. ಪೋರ್ಟ್ (ಗಾಳಿಕಿಂಡಿ) ಇರುವ ಪೆಟ್ಟಿಗೆ ತನ್ನ ಟ್ಯೂನಿಂಗ್ ಆವರ್ತನದ ಆಸುಪಾಸಿನಲ್ಲಿ ಹೆಚ್ಚು ಸದ್ದು ಕೊಡುತ್ತದೆ, ಅದರ ಕೆಳಗೆ ಆಕ್ಟೇವ್‌ಗೆ (ಆವರ್ತನ ಅರ್ಧವಾದಂತೆಲ್ಲ) 24 ಡೆಸಿಬೆಲ್‌ನಂತೆ ಧುಮುಕುತ್ತದೆ. ಮುಚ್ಚಿದ ಪೆಟ್ಟಿಗೆ 12ರಂತೆ ನಿಧಾನ ಇಳಿಯುತ್ತದೆ, ಜಾಗವೂ ಕಡಿಮೆ ಸಾಕು.

ಇಷ್ಟು ನೋಡಿ ತಂದ ಸಬ್‌ವೂಫರನ್ನೂ ಕೋಣೆ ಕೆಡಿಸಬಲ್ಲದು. 5 ಮೀಟರ್ ಉದ್ದದ ಕೋಣೆ ಸುಮಾರು 34 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಒಂದು ಕುರ್ಚಿಯಲ್ಲಿ ಎದೆ ನಡುಗಿದರೆ, ಪಕ್ಕದ್ದರಲ್ಲಿ ಏನೂ ಇಲ್ಲ. ಸಬ್‌ವೂಫರನ್ನೇ ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಾಕಿ, ಗೋಡೆಯುದ್ದಕ್ಕೂ ಮಂಡಿಯೂರಿ ಆಲಿಸುತ್ತ ಹೋಗಿ. ಎಲ್ಲ ಸ್ವರಗಳೂ ಸಮವಾಗಿ ಕೇಳುವ ಜಾಗವೇ ಸಬ್‌ವೂಫರ್‌ನದು. ಹಲವು ಕುರ್ಚಿಗಳಿದ್ದರೆ ದೊಡ್ಡದೊಂದರ ಬದಲು ಮಧ್ಯಮ ಗಾತ್ರದ ಎರಡನ್ನು ಎದುರುಬದುರು ಗೋಡೆಗಳ ನಡುಮಧ್ಯದಲ್ಲಿ ಇಡುವುದು ಉತ್ತಮ.

ಸೆಟ್ಟಿಂಗ್‌ಗಳ ತಪ್ಪು ಇನ್ನೂ ಸಾಮಾನ್ಯ. ಆಟೊ ಕ್ಯಾಲಿಬ್ರೇಷನ್ (ಮೈಕ್ ಇಟ್ಟು ರಿಸೀವರ್ ತಾನೇ ಅಳೆದು ಹೊಂದಿಸುವುದು) ಮುಗಿದ ಮೇಲೆ ರಿಸೀವರ್ ಟವರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸಿದ್ದರೆ ಬೇಸ್ ಸಬ್‌ವೂಫರ್‌ಗೆ ಹೋಗುವಂತೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ 80ಕ್ಕೆ ಇಡಿ. ‘ಎಲ್‌ಎಫ್‌ಇ ಪ್ಲಸ್ ಮೇನ್’ (ಟವರ್‌ಗಳ ಬೇಸನ್ನು ಸಬ್‌ವೂಫರ್‌ಗೂ ಕಳಿಸುವ ಆಯ್ಕೆ) ಬೇಡ. ಒಂದೇ ಬೇಸ್ ಎರಡು ಕಡೆಯಿಂದ ಬಂದು ಊದಿಕೊಳ್ಳುತ್ತದೆ. ಸಬ್‌ವೂಫರ್ ಹಿಂಬದಿಯ ಕ್ರಾಸ್‌ಓವರ್ ತಿರುಗಣೆಯನ್ನು ಗರಿಷ್ಠಕ್ಕೆ ತಿರುಗಿಸಿಬಿಡಿ, ಎರಡೆರಡು ಸಲ ಸೋಸುವುದು ಬೇಡ. ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿ ಇಟ್ಟು ನೋಡಿ, ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದು ಸರಿ. ರಿಸೀವರ್ ಸಬ್‌ವೂಫರ್ ಮಟ್ಟವನ್ನು ಮೈನಸ್ 12 ಡೆಸಿಬೆಲ್‌ನ ತಳಕ್ಕೆ ಇಳಿಸಿದ್ದರೆ, ಸಬ್‌ವೂಫರ್‌ನ ಗೇನ್ (ಅದರದೇ ವಾಲ್ಯೂಮ್) ತಗ್ಗಿಸಿ ಮತ್ತೆ ಅಳೆಯಿರಿ. ಇಲ್ಲದಿದ್ದರೆ ಮೆಲುದನಿಯ ದೃಶ್ಯಗಳಲ್ಲಿ ಸಿಗ್ನಲ್ ಸಾಲದೆ, ತಾನಾಗಿ ಆನ್ ಆಗುವ ಸಬ್‌ವೂಫರ್ ಏಳುವುದೇ ಇಲ್ಲ.

ಹೊಸ ಸ್ಪೀಕರ್‌ನಲ್ಲಿ ಬೇಸ್ ಇಲ್ಲ, ದನಿ ನಡುವೆ ನಿಲ್ಲುತ್ತಿಲ್ಲ ಎಂದರೆ ಮೊದಲು ವೈರ್ ನೋಡಿ, ಒಂದರಲ್ಲಿ ಕೆಂಪು ಕಪ್ಪು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. 1.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಸಾಮಾನ್ಯ ಕೋಣೆಗೆ ಸಾಕು, ದೂರ ಹೆಚ್ಚಾದರೆ 2.5. ಸಬ್‌ವೂಫರ್ ‘ಗುಂಯ್’ ಎನ್ನುತ್ತಿದ್ದರೆ ಕೇಬಲ್ ಟಿವಿಯ ತಂತಿ ಬಿಚ್ಚಿ ನೋಡಿ, ಎಲ್ಲ ಉಪಕರಣಗಳನ್ನೂ ಒಂದೇ ಪ್ಲಗ್ ಪಾಯಿಂಟ್‌ಗೆ ತನ್ನಿ. ಪ್ಲಗ್‌ನ ಅರ್ಥ್ ಪಿನ್ ಮಾತ್ರ ಎಂದಿಗೂ ಕತ್ತರಿಸಬೇಡಿ, ಅದು ಜೀವಕ್ಕೆ ಅಪಾಯ.

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇಂಥ ಉಪಕರಣಗಳ ಪರಿಚಯ ಬರುವಾಗ ವ್ಯಾಟ್ ಜೊತೆ ಸೆನ್ಸಿಟಿವಿಟಿ, ಕನಿಷ್ಠ ಓಮ್ ಹಾಗೂ ಪ್ಲಸ್ ಅಥವಾ ಮೈನಸ್ 3 ಡೆಸಿಬೆಲ್‌ನೊಳಗಿನ ಆವರ್ತನ ವ್ಯಾಪ್ತಿಯನ್ನೂ ಅಚ್ಚುಮಾಡಬೇಕೆಂದು ಕೋರುತ್ತೇನೆ. ‘20ರಿಂದ 20,000 ಹರ್ಟ್ಸ್’ ಎಂದಷ್ಟೇ ಬರೆದು ಡೆಸಿಬೆಲ್ ಮಿತಿ ಹೇಳದ ಅಂಕಿಯನ್ನು ದಯವಿಟ್ಟು ಹಾಗೆಯೇ ಪ್ರಕಟಿಸಬೇಡಿ.

ಇಂತಿ,
ಧ್ವನಿ ಉಪಕರಣಗಳ ತಂತ್ರಜ್ಞ