ಬಂಡೆ ಬಗ್ಗೆ ಬರೆದಿರಿ, ರಸ್ತೆ ಬಗ್ಗೆ ಯಾಕೆ ಬರೆಯಲಿಲ್ಲ?

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಬಂದ ಆಸ್ಟ್ರೇಲಿಯಾ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಬರೆದ ಮಾತು ಒಪ್ಪಲು ಆಗಲಿಲ್ಲ. ಅಲ್ಲಿ ನಾವೇ ಗಾಡಿ ಓಡಿಸಿಕೊಂಡು ತಿರುಗುವುದು ನಮ್ಮಂಥವರಿಗೆ ಆಗದ ಕೆಲಸ, ಟೂರ್ ಕಂಪನಿಯ ಬಸ್ಸೇ ವಾಸಿ ಅಂತ ಇತ್ತು. ಯಾಕೆ ಆಗುವುದಿಲ್ಲ? ಪ್ರತಿ ಮೇ ತಿಂಗಳು ಪನವೇಲ್‌ನಿಂದ ಕುಂದಾಪುರದವರೆಗೆ, ಒಂದಷ್ಟು ದೂರ ಕಾಂಕ್ರೀಟು ಒಂದಷ್ಟು ದೂರ ಹೊಂಡ, ಎದುರಿಗೆ ಫುಲ್ ಲೈಟ್ ಹಾಕಿಕೊಂಡು ಬರುವ ಟ್ರಕ್ಕು, ಹಿಂದಿನ ಸೀಟಿನಲ್ಲಿ ಮಕ್ಕಳು ಮತ್ತು ಹಲಸಿನ ಹಪ್ಪಳದ ಡಬ್ಬ, ಇಷ್ಟನ್ನೆಲ್ಲ ಸಂಭಾಳಿಸಿಕೊಂಡು ಹೋಗಿ ಬರುವ ಮುಂಬಯಿ ಕನ್ನಡಿಗರಿಗೆ ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗಲು ಆಗುವುದಿಲ್ಲವಾ?

ನಾವು ಹೋಗಿ ಬಂದಿದ್ದೇವೆ. ನಮ್ಮವರು, ನಾನು, ಅತ್ತೆ, ಇಬ್ಬರು ಮಕ್ಕಳು. ಬಾಡಿಗೆ ಗಾಡಿ. ಮೊದಲು ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಗ್ರೇಟ್ ಓಷನ್ ರೋಡ್, ಆಮೇಲೆ ವಾಪಸ್ ಬಂದು ಪೂರ್ವಕ್ಕೆ ಫಿಲಿಪ್ ಐಲ್ಯಾಂಡ್, ಲೇಕ್ಸ್ ಎಂಟ್ರನ್ಸ್, ಈಡನ್, ಅಲ್ಲಿಂದ ಕರಾವಳಿ ಹಿಡಿದು ಸಿಡ್ನಿ. ಒಳನಾಡಿನ ಹ್ಯೂಮ್ ಹೈವೇಯಲ್ಲಿ ಹೋದರೆ ಮೆಲ್ಬರ್ನ್-ಸಿಡ್ನಿ ಸುಮಾರು 880 ಕಿ.ಮೀ., ಅಂದರೆ ಹೆಚ್ಚುಕಡಿಮೆ ಮುಂಬಯಿಯಿಂದ ಮಂಗಳೂರು. ಕರಾವಳಿಯ ಪ್ರಿನ್ಸಸ್ ಹೈವೇಯಲ್ಲಿ ಹೋದರೆ ಸಾವಿರ ದಾಟುತ್ತದೆ. ಅರ್ಜೆಂಟ್ ಇಲ್ಲದವರು ಕರಾವಳಿಯಲ್ಲೇ ಹೋಗಿ.

ಗಾಡಿ ಓಡಿಸುವುದು ಕಷ್ಟವಲ್ಲ. ನಮ್ಮ ಹಾಗೇ ಎಡಗಡೆ ಓಡಿಸುವುದು, ಸ್ಟೇರಿಂಗ್ ಬಲಗಡೆ. ಗ್ರೇಟ್ ಓಷನ್ ರೋಡ್ ಉದ್ದಕ್ಕೂ 'ಆಸ್ಟ್ರೇಲಿಯಾದಲ್ಲಿ ಎಡಗಡೆ ಓಡಿಸಿ' ಅಂತ ಫಲಕಗಳಿವೆ. ಅದು ಅಮೆರಿಕ, ಚೀನಾ ಕಡೆಯವರಿಗೆ, ನಮಗಲ್ಲ. ನಮ್ಮ ಮಹಾರಾಷ್ಟ್ರದ ಲೈಸೆನ್ಸ್ ಇಂಗ್ಲಿಷಿನಲ್ಲಿ ಇರುವುದರಿಂದ ಪ್ರವಾಸಿಗಳಿಗೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲೂ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲೂ ನಡೆಯುತ್ತದೆ. ಆದರೂ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ, ಬಾಡಿಗೆ ಗಾಡಿಯವರ ಕೌಂಟರಿನಲ್ಲಿ ವಾದ ಮಾಡುವುದು ತಪ್ಪುತ್ತದೆ. ಏಳು ವರ್ಷದೊಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ತೊಡೆ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಮೆಲ್ಬರ್ನ್ ಸಿಟಿ ಒಳಗೆ ಮಾತ್ರ ಗಾಡಿ ಬೇಡ. ಅಲ್ಲಿ ಕೆಲವು ಚೌಕಗಳಲ್ಲಿ ಬಲಕ್ಕೆ ತಿರುಗಬೇಕಾದರೆ ಎಡಗಡೆ ಲೇನಿಗೆ ಬಂದು ಕಾಯಬೇಕು, ಟ್ರಾಮಿಗೆ ದಾರಿ ಬಿಡಲು. ತಲೆ ಕೆಡುತ್ತದೆ. ನಗರದ ನಡುಭಾಗದಲ್ಲಿ ಟ್ರಾಮ್ ಪುಕ್ಕಟೆ ಇರುವಾಗ ಸುಮ್ನೆ ಯಾಕೆ? ಹೊರಡುವ ದಿನವೇ ಗಾಡಿ ತೆಗೆದುಕೊಳ್ಳಿ.

ಲೇಖನದಲ್ಲಿ ಬಿಟ್ಟುಹೋದ ಮುಖ್ಯ ವಿಷಯ ಸಂಜೆಯದು. ನಮಗೆ ಮಕ್ಕಳ ರಜೆ ಅಂದರೆ ಮೇ. ಅಲ್ಲಿ ಮೇ ಅಂದರೆ ಚಳಿ ಶುರುವಾಗುವ ಹೊತ್ತು. ಮೆಲ್ಬರ್ನ್ ಕಡೆ ಸಂಜೆ ಐದೂಕಾಲರ ಹೊತ್ತಿಗೆ ಸೂರ್ಯ ಮುಳುಗಿ ಆಗಿರುತ್ತದೆ, ಬೆಳಗಾಗುವುದು ಏಳು ಗಂಟೆ ಮೇಲೆ. ಮ್ಯಾಪ್ ನೋಡಿ 'ಐದು ಗಂಟೆ ದಾರಿ, ಊಟ ಮಾಡಿ ಹೊರಟರೆ ಆಯ್ತು' ಅಂತ ಲೆಕ್ಕ ಹಾಕಿದರೆ ಕೊನೆಯ ಎರಡು ಗಂಟೆ ಕತ್ತಲಲ್ಲಿ ಕಾಡು ರಸ್ತೆ. ಕಾಂಗರೂ, ವೊಂಬ್ಯಾಟ್ ಮೇಯಲು ಬರುವುದು ಅದೇ ಹೊತ್ತಿಗೆ, ಮತ್ತೆ ಬೆಳಗಿನ ಜಾವ. ಕಾಂಗರೂ ಒಂದು ದಾಟಿತು ಅಂತ ಗ್ಯಾಸ್ ಕೊಟ್ಟರೆ ಹಿಂದೆಯೇ ಇನ್ನೊಂದು ಹಾರುತ್ತದೆ. ಅದಕ್ಕೆ ನಾಲ್ಕೂವರೆಗೆ ಉಳಿದುಕೊಳ್ಳುವ ಊರು ಸೇರಿಬಿಡಬೇಕು. ಅಲ್ಲಿಯವರೂ ಅದನ್ನೇ ಹೇಳುತ್ತಾರೆ. ಪ್ರಾಣಿಗೆ ಬಡಿದರೆ ವಿಮೆ ಎಷ್ಟು ಕೊಡುತ್ತದೆ, ರಾತ್ರಿ ಊರ ಹೊರಗೆ ಓಡಿಸಬಹುದಾ ಅನ್ನುವುದೆಲ್ಲ ಬಾಡಿಗೆ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಸಹಿ ಹಾಕುವ ಮೊದಲು ಓದಿ. ಬೇಗ ಕತ್ತಲಾಗುವುದರಿಂದ ಒಂದು ಲಾಭವೂ ಇದೆ. ಫಿಲಿಪ್ ಐಲ್ಯಾಂಡ್‌ನಲ್ಲಿ ಪುಟ್ಟ ಪೆಂಗ್ವಿನ್‌ಗಳು ಸಮುದ್ರದಿಂದ ಗೂಡಿಗೆ ಬರುವುದು ಸೂರ್ಯ ಮುಳುಗಿದ ಮೇಲೆ. ಬೇಸಿಗೆಯಲ್ಲಿ ಅದಕ್ಕೆ ರಾತ್ರಿ ಒಂಬತ್ತರವರೆಗೆ ಕಾಯಬೇಕು, ಮೇ ತಿಂಗಳಲ್ಲಿ ಆರರೊಳಗೇ ಶುರು. ಮಕ್ಕಳು ನಿದ್ದೆ ಹೋಗುವ ಮೊದಲೇ ನೋಡಿ ಮುಗಿಯುತ್ತದೆ. ಫೋಟೋ ತೆಗೆಯಲು ಬಿಡುವುದಿಲ್ಲ. ವಾಪಸ್ ಹೊರಡುವ ಮುಂಚೆ ಗಾಡಿ ಅಡಿಯಲ್ಲಿ ಬಗ್ಗಿ ನೋಡಿ ಅಂತ ಪಾರ್ಕಿಂಗ್‌ನಲ್ಲಿ ಬರೆದಿದ್ದಾರೆ, ಪೆಂಗ್ವಿನ್ ಕೂತಿರಬಹುದು ಅಂತ.

ಗ್ರೇಟ್ ಓಷನ್ ರೋಡ್ ಬದಿಯ ಸಮುದ್ರದಲ್ಲಿರುವ ಹನ್ನೆರಡು ಬಂಡೆಗಳ ಬಗ್ಗೆ, ಅದೇ ಟ್ವೆಲ್ವ್ ಅಪಾಸಲ್ಸ್, ನಿಮ್ಮ ಲೇಖಕರು ಎರಡು ಕಾಲಂ ಬರೆದಿದ್ದಾರೆ. ಅಲ್ಲಿ ಹನ್ನೆರಡು ಯಾವತ್ತೂ ಇರಲಿಲ್ಲ. ಸುಣ್ಣಕಲ್ಲಿನ ಕಂಬಗಳು, ಅಲೆ ಬಡಿದು ಸವೆಯುತ್ತಲೇ ಇವೆ. 2005ರ ಜುಲೈನಲ್ಲಿ ಒಂದು ಕುಸಿದೇ ಬಿತ್ತು. ಸ್ವಲ್ಪ ಮುಂದೆ ಲಂಡನ್ ಬ್ರಿಡ್ಜ್ ಅನ್ನುವ ಕಲ್ಲಿನ ಸೇತುವೆ ಇತ್ತು, 1990ರಲ್ಲಿ ಅದರ ದಡದ ಕಡೆಯ ಕಮಾನು ಬಿದ್ದು ಆಚೆ ಬದಿ ಸಿಕ್ಕಿಹಾಕಿಕೊಂಡ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಕರೆತಂದರು. ನೋಡಲು ಚೆಂದವೇ. ಆದರೆ ನನಗೆ ಆ ಬಂಡೆಗಳಿಗಿಂತ ಗ್ರೇಟ್ ಓಷನ್ ರಸ್ತೆಯೇ ದೊಡ್ಡದು ಅನಿಸಿತು. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸುಮಾರು 3,000 ಸೈನಿಕರು 1919ರಿಂದ 1932ರವರೆಗೆ ಹಾರೆ, ಪಿಕಾಸಿ ಹಿಡಿದು ಕಡಿದ ರಸ್ತೆ ಅದು. ತೀರಿಹೋದ ಜತೆಗಾರರ ಸ್ಮಾರಕ ಅಂತ ಮಾಡಿದ್ದು. ಟಾರ್ಕೀ ಊರಿನಿಂದ ಹೊರಟು 240 ಕಿ.ಮೀ. ಚಿಲ್ಲರೆ. ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಸಮುದ್ರ ನಿಮ್ಮ ಎಡಕ್ಕೇ ಇರುತ್ತದೆ, ನಿಲ್ಲಿಸುವ ಜಾಗಕ್ಕೆ ಸಲೀಸಾಗಿ ಇಳಿಯಬಹುದು. ಹಿಂದೆ ಗಾಡಿಗಳ ಸಾಲು ಬೆಳೆದರೆ ಪಕ್ಕಕ್ಕೆ ಸರಿದು ಬಿಡಲು ಅಲ್ಲಲ್ಲಿ ಜಾಗ ಮಾಡಿದ್ದಾರೆ. ನಿಧಾನ ಹೋಗುವವರಿಗೂ ಮರ್ಯಾದೆ, ಅವಸರದವರಿಗೂ ದಾರಿ.

ಪೂರ್ವದ ಕಡೆ ಇನ್ನೂ ಬೇರೆ. ಲೇಕ್ಸ್ ಎಂಟ್ರನ್ಸ್‌ನಲ್ಲಿ ಒಂದು ಬದಿ ಸಮುದ್ರ, ನಡುವೆ ಮರಳಿನ ಪಟ್ಟಿ, ಈಚೆ ಸರೋವರ. 'ಇದು ನಮ್ಮ ಮರವಂತೆ ಅಲ್ವಾ?' ಅಂದರು ಅತ್ತೆ. ಅಲ್ಲಿಂದ ಮುಂದೆ ಗಂಟೆಗಟ್ಟಲೆ ಕಾಡು, ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಪೆಟ್ರೋಲ್ ಕಂಡಲ್ಲಿ ತುಂಬಿಸಿಕೊಳ್ಳಬೇಕು. 2019-20ರ ಬೇಸಿಗೆಯ ಕಾಡ್ಗಿಚ್ಚಿನಲ್ಲಿ ಸುಟ್ಟ ಮರಗಳು ಕಪ್ಪು ಕಾಂಡದ ಮೇಲೆ ಹಸಿರು ಚಿಗುರು ಹೊತ್ತು ನಿಂತಿವೆ. ಆಗ ಮಲ್ಲಕೂಟಾ ಅನ್ನುವ ಊರಿನಲ್ಲಿ ಸಾವಿರಾರು ಜನ ಸಮುದ್ರ ತೀರದಲ್ಲಿ ಸಿಕ್ಕಿಬಿದ್ದರು, ನೌಕಾಪಡೆಯ ಹಡಗು ಬಂದು ಕರೆದೊಯ್ದಿತು. ಇದೇ ಹೈವೇ ವಾರಗಟ್ಟಲೆ ಮುಚ್ಚಿತ್ತು. ಡಿಸೆಂಬರ್-ಜನವರಿಯಲ್ಲಿ ಹೋಗುವವರು ಬೆಂಕಿಯ ಎಚ್ಚರಿಕೆ ನೋಡದೆ ಬೆಳಿಗ್ಗೆ ಹೊರಡಬೇಡಿ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಆ ಕಾಡು ರಸ್ತೆ ಹೆಚ್ಚಿನ ಕಡೆ ಎರಡೇ ಲೇನು. ಮುಂದೆ ಒಂದು ದೊಡ್ಡ ಲಾರಿ ಸಿಕ್ಕಿದರೂ ನಮ್ಮವರ ಬಾಯಿಂದ ಒಂದು ಬೈಗುಳ ಬರಲಿಲ್ಲ. ಯಾಕೆಂದರೆ ಓವರ್‌ಟೇಕ್ ಮಾಡುವ ಲೇನು ಇಷ್ಟು ಕಿ.ಮೀ. ಮುಂದೆ ಇದೆ ಅಂತ ಫಲಕ ಮೊದಲೇ ಹೇಳುತ್ತದೆ. ಮುಂದೆ ಜಾಗ ಸಿಗುತ್ತದೆ ಅಂತ ಗೊತ್ತಿದ್ದರೆ ತಿರುವಿನಲ್ಲಿ ನುಗ್ಗುವುದು ಯಾಕೆ? ನಿದ್ದೆಗಣ್ಣಿನಲ್ಲಿ ಚಕ್ರ ಅಂಚಿನ ಬಿಳಿ ಗೆರೆ ಮೇಲೆ ಹೋದರೆ ಗುರ್ರ್ ಅಂತ ಸದ್ದಾಗಿ ಎಚ್ಚರವಾಗುತ್ತದೆ, ಗೆರೆಯನ್ನೇ ಹಾಗೆ ಉಬ್ಬು ಮಾಡಿ ಹಾಕಿದ್ದಾರೆ. ನಿದ್ದೆ ಬಂದರೆ ನಿಲ್ಲಿಸಿ ಮಲಗಿ ಅಂತ ಅಲ್ಲಲ್ಲಿ ಬರೆದಿದೆ. ಬರೆದು ಬಿಟ್ಟಿಲ್ಲ, ನಿಲ್ಲಿಸಲು ಜಾಗವನ್ನೂ ಕೊಟ್ಟಿದ್ದಾರೆ. ಮರದ ನೆರಳು, ಬೆಂಚು, ಟೇಬಲ್, ಟಾಯ್ಲೆಟ್. ಸಾಲು ರಜೆ ಬಂದರೆ ಕೆಲವು ಕಡೆ ಸ್ಥಳೀಯ ಸ್ವಯಂಸೇವಕರು ಡ್ರೈವರ್ ರಿವೈವರ್ ಅಂತ ಬೋರ್ಡ್ ಹಾಕಿ ಚಹಾ, ಕಾಫಿ, ಬಿಸ್ಕೆಟ್ ಪುಕ್ಕಟೆ ಕೊಡುತ್ತಾರೆ. ಜೂನ್ ತಿಂಗಳ ರಾಜನ ಹುಟ್ಟುಹಬ್ಬದ ರಜೆಯಲ್ಲಿ ನಮಗೂ ಸಿಕ್ಕಿತು. ಚಹಾ ನೀರು ನೀರು, ಏನು ಮಾಡುವುದು, ಆದರೆ ಬಿಸಿ ಇತ್ತು. ಸಣ್ಣ ಸಣ್ಣ ಊರಿನ ಪಾರ್ಕಿನಲ್ಲೂ ಗುಂಡಿ ಒತ್ತಿದರೆ ಬಿಸಿಯಾಗುವ ಕರೆಂಟಿನ ಒಲೆ, ಎಷ್ಟೋ ಕಡೆ ಅದೂ ಪುಕ್ಕಟೆ. ಮಾಂಸ ಸುಟ್ಟ ತಟ್ಟೆ ಅಂತ ಮುಜುಗರ ಇರುವವರು ಫಾಯಿಲ್ ಹಾಸಿಕೊಳ್ಳಿ. ಆಲೂಗಡ್ಡೆ, ಜೋಳ, ಬ್ರೆಡ್ಡು ಎಲ್ಲ ಆಗುತ್ತದೆ.

ಟಾಯ್ಲೆಟ್ ವಿಷಯ ಬಿಡಿಸಿ ಹೇಳುತ್ತೇನೆ, ಗಂಡಸರು ಬರೆಯುವ ಪ್ರವಾಸ ಲೇಖನದಲ್ಲಿ ಇದು ಬರುವುದೇ ಇಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಊರಿಗೆ ಹೋಗುವಾಗ ಪನವೇಲ್ ದಾಟುವ ಮೊದಲೇ ಅವರು ನೀರು ಕುಡಿಯುವುದು ನಿಲ್ಲಿಸುತ್ತಾರೆ. ನಾನೂ ಅಷ್ಟೆ. ನಮ್ಮ ಬಿಲ್ಡಿಂಗಿನ ಹೆಂಗಸರನ್ನು ಕೇಳಿ, ಎಲ್ಲರದೂ ಇದೇ ಕತೆ. ಆಸ್ಟ್ರೇಲಿಯಾದ ಆ ದಾರಿಯಲ್ಲಿ ಅತ್ತೆ ದಾರಿಯುದ್ದಕ್ಕೂ ನೀರು ಕುಡಿದರು. ಬೀಗ ಇಲ್ಲ, ಬಾಗಿಲಲ್ಲಿ ಚಿಲ್ಲರೆ ಕೇಳುವವರಿಲ್ಲ, ಕೈಲಾಗದವರಿಗೆ ಹಿಡಿದುಕೊಳ್ಳಲು ಕಂಬಿ ಇದೆ. ಕಾಡಿನ ನಡುವಿನವು ಗುಂಡಿ ಟಾಯ್ಲೆಟ್‌ಗಳು, ವಾಸನೆ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಕಾಗದ ಇರುತ್ತದೆ, ಚೊಂಬು ಇರುವುದಿಲ್ಲ, ಒಂದು ಬಾಟಲಿ ಇಟ್ಟುಕೊಳ್ಳಿ. ಇಡೀ ದೇಶದಲ್ಲಿ ಎಲ್ಲೆಲ್ಲಿ ಸಾರ್ವಜನಿಕ ಟಾಯ್ಲೆಟ್ ಇದೆ, ಗಾಲಿಕುರ್ಚಿ ಹೋಗುತ್ತದಾ, ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಅಲ್ಲಿನ ಕೇಂದ್ರ ಸರಕಾರವೇ ಒಂದು ನಕ್ಷೆ ಮಾಡಿ ಇಟ್ಟಿದೆ.

ಅವರು ಶ್ರೀಮಂತರು, ಜನ ಕಮ್ಮಿ, ಅದಕ್ಕೇ ಆಗುತ್ತದೆ ಅನ್ನುತ್ತಾರೆ. ಸ್ವಲ್ಪ ನಿಜ. ಆದರೆ ಅಲ್ಲಿಯೂ ಮೊದಲಿನಿಂದ ಹೀಗಿರಲಿಲ್ಲ. 1969ರಲ್ಲಿ ವಿಕ್ಟೋರಿಯಾ ಒಂದೇ ರಾಜ್ಯದಲ್ಲಿ 1034 ಜನ ರಸ್ತೆಯಲ್ಲಿ ಸತ್ತರು. ಮರುವರ್ಷ ಮೆಲ್ಬರ್ನ್‌ನ 'ಸನ್ ನ್ಯೂಸ್-ಪಿಕ್ಟೋರಿಯಲ್' ಅನ್ನುವ ದಿನಪತ್ರಿಕೆ '1034ರ ಮೇಲೆ ಯುದ್ಧ ಸಾರಿ' ಅಂತ ಹೋರಾಟ ಶುರು ಮಾಡಿತು. 1970ರ ಡಿಸೆಂಬರಿನಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾಯ್ತು. ಜಗತ್ತಿನಲ್ಲೇ ಮೊದಲು. 1976ರಲ್ಲಿ ದಾರಿಯಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ ಕುಡಿದಿದ್ದಾರಾ ಅಂತ ಉಸಿರು ಪರೀಕ್ಷೆ ಮಾಡುವ ಪದ್ಧತಿ ಬಂತು. ಆಮೇಲೆ ಅಲ್ಲಿನ ಜನಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿ ಆಗಿದೆ, ಈಚಿನ ವರ್ಷಗಳಲ್ಲಿ ಸಾವು ವರ್ಷಕ್ಕೆ 300ರ ಆಸುಪಾಸು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಎಲ್ಲರೂ ಮಾತಾಡಿದರು, ನಿಮ್ಮ ಪತ್ರಿಕೆಯೂ ಬರೆಯಿತು. ಈಗ ಎಷ್ಟು ಜನ ಹಾಕುತ್ತಾರೆ, ಯಾವುದಾದರೂ ಟೋಲ್ ನಾಕಾದಲ್ಲಿ ಹತ್ತು ನಿಮಿಷ ನಿಂತು ನೋಡಿ.

ಮುಂಬಯಿ-ಗೋವಾ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿದ್ದು 2011ರಲ್ಲಿ. ಕಶೇಡಿ ಘಾಟಿಯಲ್ಲಿ ಸುರಂಗ ಆಗಿದೆ, ಒಳ್ಳೆಯದಾಯ್ತು. ಉಳಿದದ್ದು ಯಾವಾಗ ಮುಗಿಯುತ್ತದೆ ಅಂತ ನಾನು ಕೇಳುವುದಿಲ್ಲ, ಕೇಳಿ ಕೇಳಿ ಸುಸ್ತಾಗಿದೆ. ನಾನು ಕೇಳುವುದು ಸಣ್ಣ ವಿಷಯ. ಪೆಟ್ರೋಲ್ ಪಂಪಿನಲ್ಲಿ ಟಾಯ್ಲೆಟ್, ಕುಡಿಯುವ ನೀರು ಪುಕ್ಕಟೆ ಕೊಡಬೇಕು ಅಂತ ನಿಯಮ ಇದೆ. ಹೋಗಿ ಕೇಳಿದರೆ ಬೀಗದ ಕೈ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ. ನಿಮ್ಮ ಪತ್ರಿಕೆ ಓದುವವರಲ್ಲಿ ಈ ದಾರಿಯಲ್ಲಿ ಊರಿಗೆ ಹೋಗುವ ಸಂಸಾರಗಳೇ ಜಾಸ್ತಿ. ಗಣಪತಿ ಹಬ್ಬಕ್ಕೆ ಕೊಂಕಣದವರೂ ಇದೇ ದಾರಿ. ಬರುವ ಮೇ ತಿಂಗಳ ಮೊದಲು ಓದುಗರಿಂದ ಒಂದು ಪಟ್ಟಿ ತರಿಸಿ. ಪನವೇಲ್‌ನಿಂದ ಕುಂದಾಪುರದವರೆಗೆ ಹೆಂಗಸರು ಕಾಲಿಡಬಹುದಾದ ಟಾಯ್ಲೆಟ್ ಎಲ್ಲೆಲ್ಲಿದೆ, ಯಾವುದಕ್ಕೆ ಬೀಗ, ಯಾವುದರಲ್ಲಿ ನೀರಿಲ್ಲ. ಜಾಗದ ಹೆಸರು, ಕಿಲೋಮೀಟರ್ ಕಲ್ಲಿನ ಅಂಕಿ, ನೋಡಿದ ತಾರೀಕು. ಪ್ರವಾಸ ಪುಟದಲ್ಲೇ ಹಾಕಿ, ಅರ್ಧ ಪುಟ ಸಾಕು. ಚಿಪ್ಳೂಣ್‌ವರೆಗಿನದು ನಾನು ಬರೆದಿಟ್ಟಿದ್ದೇನೆ, ನೀವು ಹ್ಞೂಂ ಅಂದ ದಿನವೇ ಕಳಿಸುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗಳು,
ಡೊಂಬಿವಲಿ ಪೂರ್ವ